ಕಾಮಾಠಿಪುರದ ತಾಯಿಗೆ ಮಗಳ ಮೇಲೆ ಹಕ್ಕಿಲ್ಲವೇ?
ಜೊನಾಥನ್ ಡೆಮ್ಮಿ ನಿರ್ದೇಶಿಸಿದ ‘ಬಿಲವೆಡ್’ 1998ರ ಚಿತ್ರ. ಓಪ್ರಾ ವಿನ್‌ಫ್ರೆ ಇಲ್ಲಿ ಸೆತೆ: ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ತಾಯಿ, ಮಕ್ಕಳು ಮತ್ತೆ ಒಡೆಯನ ಕೈಸೇರಬಾರದೆಂದು ತನ್ನ ಕೂಸನ್ನೇ ಕೊಂದವಳು. ವರ್ಷಗಳ ಮೇಲೆ ಆ ಕೂಸು ಯುವತಿಯಾಗಿ ಮನೆಗೆ ಬರುತ್ತದೆ. ಇದನ್ನು ಬರೀ ದೆವ್ವದ ಕಥೆಯೆಂದು ನೋಡಿದರೆ ಅರ್ಧವೇ ನೋಡಿದಂತೆ. ಗುಲಾಮಗಿರಿ ದುಡಿಮೆಯ ಜೊತೆಗೆ ತಾಯ್ತನವನ್ನೂ ಕಸಿದಿತ್ತು. ದೇಹ ಬಿಡುಗಡೆಯಾದರೂ ಆ ನಷ್ಟ ತೀರಲಿಲ್ಲ.

ಕಸಿದುಕೊಂಡ ತಾಯ್ತನದ ಇದೇ ಪ್ರಶ್ನೆಯನ್ನು ಮುಂಬೈ ಹತ್ತು ವರ್ಷ ಮೊದಲೇ ಕೇಳಿತ್ತು. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಚಿತ್ರದಲ್ಲಿ ವೇಶ್ಯಾವಾಟಿಕೆಯ ರೇಖಾಳ ಪುಟ್ಟ ಮಗಳು ಮಂಜು ಸರ್ಕಾರಿ ಆಶ್ರಯಧಾಮ ಸೇರುತ್ತಾಳೆ. ತಾಯಿಯ ಕಸುಬಿನ ಕಾರಣಕ್ಕೆ ಮಗುವನ್ನು ಮರಳಿ ಕೊಡಲು ಅಧಿಕಾರಿಗಳು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಕ್ರೂರವಾದ ಗಳಿಗೆ ಅದೇ. ಅಮೆರಿಕದಲ್ಲಿ ಕಾನೂನೇ ಮನುಷ್ಯರನ್ನು ಆಸ್ತಿ ಎಂದಿತ್ತು, ಇಲ್ಲಿ ಹಾಗಿಲ್ಲವಲ್ಲ ಎನ್ನಬಹುದು. ನಿಜ, ಆ ಅಂತರ ದೊಡ್ಡದು. ಆದರೆ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಬೆಳಗಾವಿ ಸೀಮೆಯ ಎಷ್ಟೋ ಹುಡುಗಿಯರು ಮುಂಬೈನ ವೇಶ್ಯಾವಾಟಿಕೆಗಳ ಕೇರಿಯಾದ ಕಾಮಾಠಿಪುರಕ್ಕೆ ಮಾರಾಟವಾದರು. ಕರ್ನಾಟಕ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ತಂದ ಮೇಲೂ ಆ ಪದ್ಧತಿ ತಕ್ಷಣ ನಿಲ್ಲಲಿಲ್ಲ. ಆ ಓಣಿಯಿಂದ ಮಗುವನ್ನು ದೂರವಿಡುವುದೇ ಕ್ಷೇಮವೆಂಬ ವಾದದಲ್ಲೂ ಸತ್ಯವಿದೆ. ಹಾಗಾದರೆ ತಾಯಿಯನ್ನೂ ಜೊತೆಗೆ ಕರೆದೊಯ್ಯಬೇಕಿತ್ತು. ಮಾರಾಟವಾದವಳನ್ನು ಬಿಟ್ಟು ಮಗುವನ್ನಷ್ಟೇ ಎತ್ತಿಕೊಂಡ ವ್ಯವಸ್ಥೆ, ಅವಳನ್ನು ಎರಡನೆಯ ಸಲ ದೋಚಿತು.