ಯುನಿವರ್ಸಿಟಿಗಿಂತ ಮೊದಲೇ ಬಂದ ಹೈಸ್ಕೂಲು

ಬೆಳಗಾವಿ ಈಗ ಯುನಿವರ್ಸಿಟಿ ಊರು. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಂದಿದ್ದು 1998ರಲ್ಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ. ಆದರೆ ಇಲ್ಲಿನ ಗಿಲಗಂಚಿ-ಅರಟಾಳ ಹೈಸ್ಕೂಲಿನ ಕಥೆ ಶುರುವಾಗೋದು 1916ರ ನವೆಂಬರ್ 13ಕ್ಕೆ. ಎಲ್ಲರ ಬಾಯಲ್ಲಿ ಅದು ಜಿ.ಎ. ಹೈಸ್ಕೂಲು.

ಆಗ ಬೆಳಗಾವಿ ಮುಂಬೈ ಪ್ರಾಂತದಲ್ಲಿತ್ತು. ಹಳ್ಳಿಯ ಕನ್ನಡ ಹುಡುಗರಿಗೆ ಇಂಗ್ಲಿಷ್ ಶಿಕ್ಷಣ ಸುಲಭಕ್ಕೆ ಸಿಗುತ್ತಿರಲಿಲ್ಲ. ಏಳು ಜನ ಸೇರಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆ ತೆರೆದರು. ಜನ ಅವರನ್ನು ಸಪ್ತರ್ಷಿಗಳು ಅಂದರು. ಅವರಲ್ಲಿ ಶಿ.ಶಿ. ಬಸವನಾಳರು ವಚನಗಳನ್ನು ಸಂಪಾದಿಸಿದ ವಿದ್ವಾಂಸರು, ಎಂ.ಆರ್. ಸಾಖರೆಯವರು ಲಿಂಗಧಾರಣ ಚಂದ್ರಿಕೆ ಎಂಬ ಕೃತಿಯ ಮೇಲೆ ದೊಡ್ಡ ಗ್ರಂಥ ತಂದವರು. ಇಂಥವರು ಮಾಸ್ತರಿಕೆಗೆ ನಿಂತರು ಅನ್ನೋದು ನನಗೆ ಈಗಲೂ ಸೋಜಿಗ! ಇಂದಿನ ಕೆ.ಎಲ್.ಇ. ಶಿಕ್ಷಣ ಸಂಸ್ಥೆಯ ಬೇರು ಇದೇ ಶಾಲೆ. ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ, ಈ ಇಬ್ಬರು ಹಿರಿಯರ ಹೆಸರು ಆಮೇಲೆ ಅದಕ್ಕೆ ಬಂತು.

ಯರಗಟ್ಟಿ, ಸವದತ್ತಿ ಕಡೆಯವರೇ, ಇಲ್ಲಿ ನಿಮ್ಮದೂ ಪಾಲಿದೆ. ಸಿರಸಂಗಿ ನಿಮ್ಮ ನೆರೆಯ ಊರೇ ಅಲ್ಲವಾ? ಅಲ್ಲಿನ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯನ್ನು ಮಕ್ಕಳ ಓದಿಗೇ ಬರೆದಿಟ್ಟು ಹೋದರು. ದೇಸಗತಿಯ ಆಸ್ತಿ ವಿದ್ಯಾರ್ಥಿವೇತನ ಆಯಿತು. ಜನ ಅವರನ್ನು ತ್ಯಾಗವೀರ ಎಂದೇ ಕರೆಯುತ್ತಾರೆ. 1933ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಇಟ್ಟ ಹೆಸರು ಲಿಂಗರಾಜ ಕಾಲೇಜು.

ಮುಂದಿನ ಸಲ ಯರಗಟ್ಟಿಯಿಂದ ಬೆಳಗಾವಿಗೆ ಹೋದಾಗ, ಜಿ.ಎ. ಹೈಸ್ಕೂಲು ಎಲ್ಲಿದೆ ಅಂತ ಯಾರನ್ನಾದರೂ ಕೇಳಿ.