ನಾರಿನ ಬಲ, ಅಂಟಿನ ನಂಟು

ಮಣ್ಣಿನ ಗೋಡೆ ಕಟ್ಟುವಾಗ ನಮ್ಮ ಹಿರಿಯರು ಕೆಸರಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದುದೇಕೆ? ಬರೀ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಬರೀ ಹುಲ್ಲು ಗೋಡೆಯಾಗಿ ನಿಲ್ಲದು. ಎರಡೂ ಕೂಡಿದರೆ ಹುಲ್ಲಿನ ಎಳೆಗಳು ಬಿರುಕನ್ನು ತಡೆಯುತ್ತವೆ, ಮಣ್ಣು ಆ ಎಳೆಗಳನ್ನು ಹಿಡಿದಿಡುತ್ತದೆ.

ಇಂದಿನ ಎಂಜಿನಿಯರುಗಳು ‘ಕಾಂಪೋಸಿಟ್’ ಎನ್ನುವ ವಸ್ತುಗಳ ಗುಟ್ಟೂ ಇದೇ. ಹುಲ್ಲಿನ ಜಾಗದಲ್ಲಿ ಗಾಜಿನ ಅಥವಾ ಇಂಗಾಲದ ನಾರು. ಮಣ್ಣಿನ ಜಾಗದಲ್ಲಿ ಎಪಾಕ್ಸಿಯಂಥ ರಾಳ. ಕೂದಲಿಗಿಂತ ತೆಳುವಾದ ಇಂಗಾಲದ ನಾರು ಅಷ್ಟೇ ತೂಕದ ಉಕ್ಕಿಗಿಂತ ಹೆಚ್ಚು ಎಳೆತ ತಾಳುತ್ತದೆ; ಆದರೆ ಒತ್ತಿದರೆ ಬಾಗಿಬಿಡುತ್ತದೆ. ರಾಳ ಅದನ್ನು ನೆಟ್ಟಗೆ ನಿಲ್ಲಿಸಿ, ಭಾರವನ್ನು ಎಲ್ಲ ಎಳೆಗಳಿಗೂ ಹಂಚುತ್ತದೆ. ನಾರು ಮಲಗಿದ ದಿಕ್ಕಿಗಷ್ಟೇ ಅದರ ಪೂರ್ಣ ಬಲ. ಆದ್ದರಿಂದ ಪದರ ಪದರವನ್ನೂ ಬೇರೆ ಬೇರೆ ದಿಕ್ಕಿಗೆ ಹಾಸುತ್ತಾರೆ.

ಬೆಂಗಳೂರಿನಲ್ಲಿ ರೂಪುಗೊಂಡು, 2001ರ ಜನವರಿ 4ರಂದು ಮೊದಲು ಹಾರಿದ ಲಘು ಯುದ್ಧವಿಮಾನವೇ ಮುಂದೆ ‘ತೇಜಸ್’ ಆಯಿತು. ಅದರ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಇಂಥದೇ ವಸ್ತು.

ಆದರೆ ಒಂದು ತೊಡಕಿದೆ. ಬಿದ್ದ ಮಣ್ಣಿನ ಗೋಡೆ ಮಳೆಗೆ ಕರಗಿ ನೆಲ ಸೇರುತ್ತದೆ. ಒಮ್ಮೆ ಗಟ್ಟಿಯಾದ ಎಪಾಕ್ಸಿಯನ್ನು ಕಾಯಿಸಿದರೂ ಅದು ಕರಗಿ ಹರಿಯದು. ಅಮೆರಿಕದಲ್ಲಿ ಆಯಸ್ಸು ತೀರಿದ ಗಾಳಿಯಂತ್ರಗಳ ರೆಕ್ಕೆಗಳನ್ನು ತುಂಡರಿಸಿ ಹೂಳಿದ್ದುಂಟು. ನಾರನ್ನೂ ರಾಳವನ್ನೂ ಕೂಡಿಸಲು ಕಲಿತಿದ್ದೇವೆ. ಅಗ್ಗವಾಗಿ ಬಿಡಿಸುವುದನ್ನು ಕಲಿಯುವ ಕೆಲಸ ಇನ್ನೂ ಉಳಿದಿದೆ.