ಕೂದಲೆಳೆಯ ಅಂತರದಲ್ಲಿ ಇಂಜಿನ್ನಿನ ಆಯುಷ್ಯ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆ. ಏರು ಬಂದರೆ ಪಿಕಪ್ ಇಲ್ಲ. ಆಯಿಲ್ ಹಾಕಿದಷ್ಟೂ ಸಾಲದು. ಮೆಕ್ಯಾನಿಕ್ ಕಂಪ್ರೆಷನ್ ಪರೀಕ್ಷಿಸಿ, ‘ಇಂಜಿನ್ ಬಿಚ್ಚಬೇಕು ಸಾರ್, ಬೋರ್ ಮಾಡಿಸದೆ ಬೇರೆ ದಾರಿಯಿಲ್ಲ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಮಾಲೀಕರ ಗಮನವೆಲ್ಲ ಪಿಸ್ಟನ್ ಯಾವ ಕಂಪನಿಯದು, ರಿಂಗಿಗೆ ಎಷ್ಟಾಗುತ್ತದೆ ಎನ್ನುವುದರ ಮೇಲೆ. ಸಿಲಿಂಡರ್ ಬ್ಲಾಕು ಲೇತ್ ಅಂಗಡಿಗೆ ಹೋಗಿ ಬಂದದ್ದು ಬಿಲ್ಲಿನಲ್ಲಿ ಒಂದು ಸಾಲು ಮಾತ್ರ. ಆದರೆ ರಿಪೇರಿಯಾದ ಇಂಜಿನ್ ಒಂದು ಮಳೆಗಾಲ ಬಾಳುತ್ತದೋ, ಹತ್ತು ವರ್ಷ ಬಾಳುತ್ತದೋ ಎಂಬುದು ಬಹುಮಟ್ಟಿಗೆ ಆ ಒಂದು ಸಾಲಿನಲ್ಲೇ ತೀರ್ಮಾನವಾಗಿರುತ್ತದೆ.

ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಅನೇಕ ಕಾರುಗಳ ಇಂಜಿನ್ನಿನಲ್ಲಿ ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಇರಬೇಕಾದ ಕ್ಲಿಯರೆನ್ಸ್ ಅದಕ್ಕಿಂತ ಕಡಿಮೆ, 0.03ರಿಂದ 0.06 ಮಿ.ಮೀ. ಆಸುಪಾಸು. ಇನ್ನೂ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ಪಿಸ್ಟನ್ ಗೋಡೆಗೆ ಕಚ್ಚಿಕೊಂಡು ಇಂಜಿನ್ ಸೀಜ್ ಆಗುತ್ತದೆ. ಹೆಚ್ಚಾದರೆ ಪಿಸ್ಟನ್ ಅತ್ತಿತ್ತ ವಾಲಿ ಗೋಡೆಗೆ ಬಡಿಯುತ್ತದೆ, ರಿಂಗುಗಳು ನೆಟ್ಟಗೆ ಕೂರುವುದಿಲ್ಲ, ಆಯಿಲ್ ಮೇಲೇರಿ ಸುಟ್ಟುಹೋಗುತ್ತದೆ. ವೃತ್ತಿಪರ ಇಂಜಿನ್ ಕೆಲಸವೆಂದರೆ ಈ ಎರಡು ಅಪಾಯಗಳ ನಡುವಿನ ಕಿರುದಾರಿಯನ್ನು ಅಳೆದು ಅಳೆದು ಹಿಡಿಯುವುದು.

ಸಿಲಿಂಡರ್ ಸವೆಯುವ ರೀತಿಯೂ ವಿಚಿತ್ರ. ಪಿಸ್ಟನ್ ಅತಿ ವೇಗದಲ್ಲಿ ಓಡುವ ನಡುಭಾಗದಲ್ಲಿ ಸವೆತ ಕಡಿಮೆ. ಅದು ನಿಂತು ಹಿಂತಿರುಗುವ ಮೇಲ್ತುದಿಯಲ್ಲಿ ಹೆಚ್ಚು. ವೇಗವಿದ್ದಾಗ ರಿಂಗು ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತ ಸಾಗುತ್ತದೆ. ಮೇಲ್ತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆಯಾಗುತ್ತದೆ, ಪದರ ಹರಿದುಹೋಗುತ್ತದೆ. ಅದೇ ಹೊತ್ತಿಗೆ ಇಂಧನ ಉರಿದು ಶಾಖ ಮತ್ತು ಒತ್ತಡ ತುದಿ ಮುಟ್ಟುತ್ತವೆ. ಉರಿದ ಅನಿಲ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಲೋಹಕ್ಕೆ ಲೋಹ ತಾಗುವುದು ಅಲ್ಲೇ. ಕನೆಕ್ಟಿಂಗ್ ರಾಡ್ ಓರೆಯಾಗಿ ನೂಕುವುದರಿಂದ ಒಂದು ಪಕ್ಕದ ಗೋಡೆ ಇನ್ನೊಂದಕ್ಕಿಂತ ಹೆಚ್ಚು ತೇಯುತ್ತದೆ. ಹೀಗಾಗಿ ಹಳೆಯ ಸಿಲಿಂಡರ್ ಮೇಲೆ ಅಗಲ, ಕೆಳಗೆ ಕಿರಿದು. ದುಂಡಗಿರುವ ಬದಲು ಅಂಡಾಕಾರ. ಅದಕ್ಕೆ ಹೊಸ ರಿಂಗು ಮಾತ್ರ ಹಾಕಿದರೆ ದುಂಡನೆಯ ರಿಂಗು ಅಂಡಾಕಾರದ ಗೋಡೆಯನ್ನು ಎಲ್ಲ ಕಡೆ ಮುಟ್ಟುವುದೇ ಇಲ್ಲ. ಒಳ್ಳೆಯ ಅಂಗಡಿಯಲ್ಲಿ ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಕಡೆಯೂ ಉದ್ದುದ್ದ ಮತ್ತು ಅಡ್ಡಡ್ಡ ಇಟ್ಟು ಒಟ್ಟು ಆರು ಅಳತೆ ತೆಗೆಯುವುದು ಈ ಕಾರಣಕ್ಕೆ.

ಸಿಲಿಂಡರನ್ನು ದುಂಡಗೆ ಕೊರೆಯುವ ಸಮಸ್ಯೆ ಇಂಜಿನ್ನಿನಷ್ಟೇ ಹಳೆಯದು. ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ 1769ರಲ್ಲೇ ಪೇಟೆಂಟ್ ಪಡೆದಿದ್ದರೂ ಉಗಿ ಸೋರದಂತೆ ಸಿಲಿಂಡರ್ ಮಾಡಿಕೊಡುವವರು ಸಿಗದೆ ವರ್ಷಗಟ್ಟಲೆ ಪರದಾಡಿದ. ಇಂಗ್ಲೆಂಡಿನ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್ 1774ರಲ್ಲಿ ಫಿರಂಗಿಯ ನಳಿಗೆ ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷ, ಎರಡೂ ತುದಿಗಳಲ್ಲಿ ಆಸರೆಯಿರುವ ಗಟ್ಟಿ ದಂಡಕ್ಕೆ ಕತ್ತರಿಸುವ ಉಳಿಯನ್ನು ಕೂರಿಸಿ ವಾಟನ ಸಿಲಿಂಡರುಗಳನ್ನು ಕೊರೆದುಕೊಟ್ಟ. 50 ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ಎಲ್ಲಿಯೂ ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ವಾಟನ ಪಾಲುದಾರ ಮ್ಯಾಥ್ಯೂ ಬೋಲ್ಟನ್ 1776ರಲ್ಲಿ ಸಂತೋಷದಿಂದ ಬರೆದ. ವಾಟನ ಉಗಿಯಂತ್ರ ಮಾರಾಟಕ್ಕೆ ಬಂದದ್ದು ಆ ವರ್ಷವೇ.

ಇಂದಿನ ಕೆಲಸವನ್ನು ಹತ್ತಿರದಿಂದ ನೋಡಲು ಮೈಸೂರಿನದೇ ಒಂದು ಇಂಜಿನ್ ಇದೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳನ್ನು ಇಂದಿಗೂ ಮುತುವರ್ಜಿಯಿಂದ ಓಡಿಸುವವರು ರಾಜ್ಯದ ತುಂಬ ಇದ್ದಾರೆ. ಅವುಗಳ 250 ಸಿಸಿ ಟೂ-ಸ್ಟ್ರೋಕ್ ಇಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಎರಕದ ಕಬ್ಬಿಣದ ಸಿಲಿಂಡರ್ ಸವೆದಾಗ ಗೋಡೆಯನ್ನು ಸ್ವಲ್ಪ ಹೆಚ್ಚು ಅಗಲಕ್ಕೆ ಕೊರೆದು, ಆ ಅಳತೆಯ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. 0.50 ಓವರ್‌ಸೈಜ್ ಎಂದರೆ 65.5 ಮಿ.ಮೀ.; ಇಂಜಿನ್ನಿನ ಗಾತ್ರ ಸುಮಾರು 249 ಸಿಸಿಯಿಂದ 253 ಸಿಸಿಗೆ ಏರುತ್ತದೆ.

ಇಲ್ಲಿ ಮೊದಲ ನಿಯಮ, ಪಿಸ್ಟನ್ ಕೈಗೆ ಬರುವ ಮುಂಚೆ ಬೋರ್ ಮಾಡಬಾರದು. ಡಬ್ಬದ ಮೇಲೆ ‘0.50’ ಎಂದಿದ್ದರೂ ಒಳಗಿನ ಪಿಸ್ಟನ್ನಿನ ನಿಜವಾದ ಅಳತೆಯಲ್ಲಿ ಮಿಲಿಮೀಟರಿನ ಒಂದೆರಡು ಶತಾಂಶದ ವ್ಯತ್ಯಾಸ ಇರಬಹುದು. ತಿಳಿದ ಕೆಲಸಗಾರ ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ಕ್ಲಿಯರೆನ್ಸ್ ಕೂಡಿಸಿ, ಆ ಮೊತ್ತಕ್ಕೆ ಬೋರ್ ಹಿಡಿಯುತ್ತಾನೆ. ಅಳೆಯುವುದು ಎಲ್ಲಿ ಎನ್ನುವುದೂ ಮುಖ್ಯ. ಪಿಸ್ಟನ್ ನೋಡಲು ದುಂಡಗಿದ್ದರೂ ಪೂರ್ತಿ ದುಂಡಲ್ಲ. ಬಿಸಿಯಾದಾಗ ದುಂಡಾಗಲೆಂದೇ ಅದನ್ನು ತುಸು ಅಂಡಾಕಾರವಾಗಿ, ತಲೆಯ ಕಡೆ ಕಿರಿದಾಗಿ ಮಾಡಿರುತ್ತಾರೆ. ಹಾಗಾಗಿ ತಯಾರಕರು ಹೇಳಿದ ಜಾಗದಲ್ಲೇ, ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ (ರಿಂಗುಗಳ ಕೆಳಗಿನ ಗೋಡೆಯ) ಕೆಳಭಾಗದಲ್ಲಿ ಅಳೆಯಬೇಕು. ಟೂ-ಸ್ಟ್ರೋಕ್ ಸಿಲಿಂಡರಿಗೆ ಇನ್ನೊಂದು ಕೆಲಸ ಬಾಕಿಯಿರುತ್ತದೆ. ಕೊರೆದ ಮೇಲೆ ಗೋಡೆಯಲ್ಲಿರುವ ಪೋರ್ಟುಗಳ (ಅನಿಲ ಹಾದುಹೋಗುವ ಕಿಂಡಿಗಳ) ಅಂಚು ಬ್ಲೇಡಿನಂತೆ ಹರಿತವಾಗುತ್ತದೆ. ಅದನ್ನು ಅರದಿಂದ ತೇದು ಮೊಂಡು ಮಾಡದಿದ್ದರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ.

ಬೋರಿಂಗ್ ಉಳಿ ಲೋಹವನ್ನು ಕೀಳುತ್ತ ಹೋಗುವುದರಿಂದ ಹಿಂದೆ ಒರಟು ಮೇಲ್ಮೈ ಉಳಿಯುತ್ತದೆ. ಆದ್ದರಿಂದ ಕೊನೆಯ 0.05ರಿಂದ 0.08 ಮಿ.ಮೀ. ಲೋಹವನ್ನು ಬೋರಿಂಗಿನಲ್ಲಿ ತೆಗೆಯದೆ ಹಾನಿಂಗಿಗೆ ಬಿಡುತ್ತಾರೆ. ಹಾನಿಂಗ್ ಕಲ್ಲುಗಳು ತಿರುಗುತ್ತ, ಮೇಲೆ ಕೆಳಗೆ ಆಡುತ್ತ ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಓರೆ ಗೀರುಗಳನ್ನು ಮೂಡಿಸುತ್ತವೆ. ಸಾಮಾನ್ಯವಾಗಿ ಈ ಗೀರುಗಳ ನಡುವಿನ ಕೋನ 45 ಡಿಗ್ರಿಯ ಆಸುಪಾಸು ಇರಲೆಂದು ನೋಡುತ್ತಾರೆ. ಗೋಡೆ ಕನ್ನಡಿಯಂತೆ ಹೊಳೆದರೆ ಕೆಲಸ ಚೆನ್ನಾಗಿದೆ ಎಂದುಕೊಳ್ಳುವ ಗಿರಾಕಿಗಳಿದ್ದಾರೆ. ಕನ್ನಡಿಯಂಥ ಗೋಡೆಯಲ್ಲಿ ಆಯಿಲ್ ನಿಲ್ಲುವುದಿಲ್ಲ, ರಿಂಗೂ ಕೂರುವುದಿಲ್ಲ. ಗೀರುಗಳ ಕಣಿವೆಗಳೇ ಆಯಿಲ್ಲಿನ ಉಗ್ರಾಣ. ಮೊದಲು ಒರಟು ಕಲ್ಲಿನಿಂದ ಆಳದ ಗೀರು ಹಾಕಿ, ಆಮೇಲೆ ನಯವಾದ ಕಲ್ಲು ಇಲ್ಲವೆ ಬ್ರಶ್‌ನಿಂದ ಏಣುಗಳನ್ನಷ್ಟೇ ಸವರಿ ಚಪ್ಪಟೆ ಮಾಡುವ ‘ಪ್ಲಾಟೊ ಹಾನಿಂಗ್’ ಈಗಿನ ರೂಢಿ. ರಿಂಗು ಚಪ್ಪಟೆ ದಿಬ್ಬಗಳ ಮೇಲೆ ಜಾರುತ್ತದೆ, ಆಯಿಲ್ ಕಣಿವೆಗಳಲ್ಲಿ ಉಳಿಯುತ್ತದೆ.

ಎಲ್ಲ ಸಿಲಿಂಡರಿಗೂ ಈ ಚಿಕಿತ್ಸೆ ನಡೆಯುವುದಿಲ್ಲ. ಜರ್ಮನಿಯ ಮಾಲೆ ಕಂಪನಿ 1967ರಲ್ಲಿ ತಂದ ನಿಕಾಸಿಲ್ ಮತ್ತು ಅದರ ಜಾತಿಯ ಲೇಪನವಿರುವ ಅಲ್ಯೂಮಿನಿಯಂ ಸಿಲಿಂಡರುಗಳು ಇಂದು ಹಲವು ಬೈಕುಗಳಲ್ಲಿವೆ. ನಿಕ್ಕಲ್ಲಿನಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಹುದುಗಿಸಿದ ಆ ಪದರ ತೀರಾ ತೆಳುವು. ಅದನ್ನು ಕೊರೆದರೆ ಕೆಳಗಿನ ಮೆತ್ತನೆಯ ಅಲ್ಯೂಮಿನಿಯಂ ಹೊರಬೀಳುತ್ತದೆ. ಸಿಲಿಂಡರ್ ಬದಲಿಸಬೇಕು, ಇಲ್ಲವೆ ಮತ್ತೆ ಲೇಪನ ಮಾಡಿಸಬೇಕು.

ಹಾನಿಂಗ್ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ ಹಾಳಾಗುವ ಇಂಜಿನ್‌ಗಳು ಕಡಿಮೆಯಲ್ಲ. ಕಲ್ಲಿನಿಂದ ಉದುರಿದ ಚೂಪಾದ ಕಣಗಳು ಗೀರುಗಳೊಳಗೆ ಹುದುಗಿರುತ್ತವೆ. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಅದ್ದಿ, ಗಾಳಿ ಹೊಡೆದು ಒರೆಸಿದರೆ ಗೋಡೆ ಸ್ವಚ್ಛವಾದಂತೆ ಕಾಣುತ್ತದೆ, ಕಣಗಳು ಮಾತ್ರ ಅಲ್ಲೇ ಇರುತ್ತವೆ. ಅವನ್ನು ಹೊರಗೆ ತರುವುದು ಬಿಸಿನೀರು, ಸೋಪು ಮತ್ತು ಗಟ್ಟಿ ಬ್ರಶ್. ತಿಕ್ಕಿ ತೊಳೆದ ಮೇಲೆ ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಗೋಡೆ ಒರೆಸಬೇಕು. ಬಟ್ಟೆಯ ಮೇಲೆ ಬೂದುಬಣ್ಣ ಕಂಡರೆ ಮತ್ತೆ ತೊಳೆಯಬೇಕು. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೂ. ಬರಿಯ ಕಬ್ಬಿಣ ನೋಡನೋಡುತ್ತಿದ್ದಂತೆ ತುಕ್ಕು ಹಿಡಿಯುವುದರಿಂದ ಒಣಗಿದ ಕೂಡಲೇ ಆಯಿಲ್ ಸವರಬೇಕು. ದುಬಾರಿ ಯಂತ್ರ ಬೇಡದ ಈ ಕೆಲಸವನ್ನು ಬಿಟ್ಟರೆ ಹೊಸ ರಿಂಗು, ಹೊಸ ಬೇರಿಂಗು ಎರಡನ್ನೂ ಆ ಕಣಗಳು ತೇದು ಹಾಕುತ್ತವೆ.

ಅಳತೆಗೆ ಬಿಸಿಲೂ ಅಡ್ಡ ಬರುತ್ತದೆ. ಉದ್ದದ ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಆಧಾರವೆಂದು 1931ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಲಾಯಿತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಂಗಡಿಯೊಳಗೇ 40 ಡಿಗ್ರಿ ಇರುತ್ತದೆ. ಆಗ 100 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.046 ಮಿ.ಮೀ. ಹಿಗ್ಗಿದರೆ, ಕಬ್ಬಿಣದ ಬೋರ್ ಅದರ ಅರ್ಧದಷ್ಟೇ ಹಿಗ್ಗುತ್ತದೆ. ಎರಡರ ನಡುವಿನ ಅಂತರದಲ್ಲಿ 0.02 ಮಿ.ಮೀ.ಗೂ ಹೆಚ್ಚು ವ್ಯತ್ಯಾಸ, ಅಂದರೆ ಬಿಡಬೇಕಾದ ಕ್ಲಿಯರೆನ್ಸಿನಲ್ಲಿ ಅರ್ಧದ ಹತ್ತಿರ. ಆಗತಾನೆ ಹಾನಿಂಗ್ ಮಾಡಿದ ಬಿಸಿ ಬ್ಲಾಕನ್ನು ಅಳೆದು, ಬಿಸಿಲಲ್ಲಿ ಬಂದ ಪಿಸ್ಟನ್ನಿನ ಜೊತೆ ಹೋಲಿಸುವುದಂತೂ ಇನ್ನೂ ತಪ್ಪು. ಬ್ಲಾಕು, ಪಿಸ್ಟನ್, ಮೈಕ್ರೋಮೀಟರು ಮೂರನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು ಬೆಳಗಿನ ತಂಪಿನಲ್ಲಿ ಅಳೆದರೆ ತಪ್ಪು ಬಹಳಷ್ಟು ಕಡಿಮೆಯಾಗುತ್ತದೆ.

ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ಶಾಫ್ಟಿನ ಲೋಕ ಬೇರೆ. ಅಲ್ಲಿ ಭಾರ ಹೊರುವುದು ಬೇರಿಂಗಿನೊಳಗಿನ ಎಣ್ಣೆಯ ಪದರ; ಅದು ತಿಳಿದುಬಂದದ್ದು ಹೀಗೆ. ಬ್ರಿಟನ್ನಿನ ಬೋಚಂಪ್ ಟವರ್ 1883ರ ಸುಮಾರಿಗೆ ರೈಲಿನ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ ಮೇಲಿನ ಭಾಗದಲ್ಲಿ ಎಣ್ಣೆ ಬಿಡಲೆಂದು ಒಂದು ತೂತು ಕೊರೆದ. ಯಂತ್ರ ತಿರುಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ತೂತಿಗೆ ಬಿರಡೆ ಹೊಡೆದರೆ ಬಿರಡೆಯೇ ಹೊರಬಂತು. ಒತ್ತಡಮಾಪಕ ಹಚ್ಚಿ ನೋಡಿದಾಗ ಗೊತ್ತಾಯಿತು: ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ದು, ಇಡೀ ಭಾರವನ್ನು ಎತ್ತುವಷ್ಟು ಒತ್ತಡವನ್ನು ತಾನೇ ಹುಟ್ಟಿಸುತ್ತಿದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ಕೊಟ್ಟ.

ಕಾರಿನ ಕ್ರ್ಯಾಂಕು ಇಂದಿಗೂ ಹೀಗೆಯೇ ತೇಲುತ್ತದೆ. ಸಂದಿ ಹೆಚ್ಚಾದರೆ ಆಯಿಲ್ ಪಕ್ಕಕ್ಕೆ ಸೋರಿ ಒತ್ತಡ ಬೀಳುತ್ತದೆ, ಕಡಿಮೆಯಾದರೆ ಆಯಿಲ್ ಒಳಗೆ ಸಾಕಷ್ಟು ಹರಿಯುವುದಿಲ್ಲ. 50 ಮಿ.ಮೀ. ಜರ್ನಲ್ಲಿಗೆ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗಕ್ಕೆ) 0.05 ಮಿ.ಮೀ. ಎನ್ನುವುದು ಮೆಕ್ಯಾನಿಕ್‌ಗಳ ಒರಟು ಲೆಕ್ಕ. ಅಂತಿಮ ಮಾತು ಆ ಇಂಜಿನ್ನಿನ ಮ್ಯಾನುಯಲ್ಲಿನದೇ. ಸವೆದ ಜರ್ನಲ್ಲನ್ನು 0.25 ಅಥವಾ 0.50 ಮಿ.ಮೀ. ಕಡಿಮೆಗೆ ಗ್ರೈಂಡ್ ಮಾಡಿ ಆ ಅಳತೆಗೆ ಹೊಂದುವ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಗ್ರೈಂಡ್ ಮಾಡುವಾಗ ಜರ್ನಲ್ಲಿನ ಮೂಲೆಯಲ್ಲಿರುವ ದುಂಡನೆಯ ತಿರುವನ್ನು ಕತ್ತರಿಸಿ ಚೌಕ ಮಾಡಿದರೆ ಕ್ರ್ಯಾಂಕು ಅಲ್ಲಿಂದಲೇ ಬಿರುಕು ಬಿಡುತ್ತದೆ. ಜೋಡಿಸುವ ಮುನ್ನ ಸಂದಿ ನೋಡಲು ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ದಾರ ಸಿಗುತ್ತದೆ. ಅದರ ತುಂಡನ್ನು ಜರ್ನಲ್ಲಿನ ಮೇಲಿಟ್ಟು, ಕ್ಯಾಪ್ ಬಿಗಿಮಾಡಿ ಬಿಚ್ಚಿ, ದಾರ ಎಷ್ಟು ಅಗಲಕ್ಕೆ ಚಪ್ಪಟೆಯಾಯಿತೆಂದು ಪಟ್ಟಿಯೊಂದಿಗೆ ಹೋಲಿಸಿದರೆ ಲೆಕ್ಕ ಸಿಗುತ್ತದೆ.

ಬೋಲ್ಟ್ ಬಿಗಿಮಾಡುವುದನ್ನು ಕೈಯಂದಾಜಿಗೆ ಬಿಡುವ ಅಭ್ಯಾಸವೂ ಹೋಗಬೇಕು. ಟಾರ್ಕ್ ರೆಂಚಿನಿಂದ ತಿರುಗಿಸುವ ಬಲದಲ್ಲಿ ಸುಮಾರು ಶೇ. 90 ಭಾಗ ಬೋಲ್ಟಿನ ಮರೆಯ (ಥ್ರೆಡ್) ಮತ್ತು ತಲೆಯಡಿಯ ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಎಳೆದು ಬಿಗಿಯುವುದು ಉಳಿದ ಹತ್ತು ಭಾಗ. ಮರೆಯಲ್ಲಿ ತುಕ್ಕಿದ್ದರೆ ರೆಂಚು ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಸಿಲಿಂಡರ್ ಹೆಡ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಹೊಸ ಇಂಜಿನ್‌ಗಳಲ್ಲಿ ಮೊದಲು ಇಷ್ಟು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ಎಂದು ಹೇಳುವುದು ಈ ತೊಡಕನ್ನು ದಾಟಲು. ಹಾಗೆ ಹಿಗ್ಗಿಸಿ ಬಿಗಿಯುವ ಬೋಲ್ಟುಗಳಲ್ಲಿ ಅನೇಕವನ್ನು ಎರಡನೇ ಸಲ ಬಳಸುವಂತಿಲ್ಲ. ಹೆಡ್ ಬೋಲ್ಟುಗಳ ಬಿಗಿತಕ್ಕೆ ಸಿಲಿಂಡರಿನ ಆಕಾರವೇ ತುಸು ಬದಲಾಗುತ್ತದೆ. ಅದಕ್ಕಾಗಿ ನುರಿತ ಅಂಗಡಿಗಳು ಹೆಡ್ಡಿನ ಬದಲಿಗೆ ದಪ್ಪನೆಯ ಟಾರ್ಕ್ ಪ್ಲೇಟನ್ನು ಬ್ಲಾಕಿಗೆ ಬಿಗಿದು, ಸಿಲಿಂಡರ್ ಓಡುವಾಗಿನ ಆಕಾರದಲ್ಲಿರುವಾಗಲೇ ಹಾನಿಂಗ್ ಮಾಡುತ್ತವೆ.

ಜೋಡಣೆ ಮುಗಿದ ಮೇಲೆ ಇಂಜಿನ್ನನ್ನು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡುವುದು ಒಳ್ಳೆಯದೆಂಬ ನಂಬಿಕೆ ಇದೆ. ರಿಂಗು ಗೋಡೆಗೆ ಹೊಂದಿಕೊಳ್ಳಲು ಅದರ ಹಿಂದೆ ಅನಿಲದ ಒತ್ತಡ ಬೇಕು, ಐಡ್ಲಿಂಗ್‌ನಲ್ಲಿ ಆ ಒತ್ತಡ ಸಾಲದು. ಆಯಿಲ್ ಒತ್ತಡ, ಸೋರಿಕೆ ನೋಡಿಕೊಂಡ ಮೇಲೆ ಗಾಡಿಯನ್ನು ರಸ್ತೆಗಿಳಿಸಿ, ವೇಗವನ್ನು ಏರಿಸುತ್ತ ಇಳಿಸುತ್ತ ಮಧ್ಯಮ ಭಾರದಲ್ಲಿ ಓಡಿಸುವುದು ಸರಿ. ಮೊದಲ ಆಯಿಲ್ಲನ್ನು ಬೇಗ ಬದಲಿಸಬೇಕು, ಹೊಸ ಭಾಗಗಳಿಂದ ಉದುರಿದ ಲೋಹದ ಪುಡಿ ಅದರಲ್ಲಿರುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾಡಿಸಿದರೂ, ತಾಲ್ಲೂಕು ಕೇಂದ್ರದ ಲೇತ್ ಅಂಗಡಿಯಲ್ಲಿ ಮಾಡಿಸಿದರೂ, ಇಂಜಿನ್ ಕೆಲಸಕ್ಕೆ ಕೊಡುವಾಗ ಮಾಲೀಕರು ಒಂದು ಹಾಳೆ ಕೇಳಬೇಕು. ಬೋರಿನ ಆರು ಅಳತೆ, ಪಿಸ್ಟನ್ನಿನ ಅಳತೆ, ರಿಂಗಿನ ತುದಿಗಳ ನಡುವಿನ ಗ್ಯಾಪ್, ಜರ್ನಲ್ಲಿನ ಅಳತೆ ಅದರಲ್ಲಿರಲಿ. ಬಿಡಿಭಾಗವನ್ನು ಅಗ್ಗಕ್ಕೆ ಹುಡುಕುವ ಶ್ರಮದಲ್ಲಿ ಅರ್ಧವನ್ನು, ಅಳೆದು ಬರೆದುಕೊಡುವ ಕೆಲಸಗಾರನನ್ನು ಹುಡುಕಲು ಇಡಿ. ಅಂಥವರು ಸಿಕ್ಕರೆ ಕೂಲಿ ಸ್ವಲ್ಪ ಹೆಚ್ಚಾದರೂ ಕೊಡಿ, ಅವಸರ ಮಾಡಬೇಡಿ.